ತಿರುಳ್ನೆಪ ಮೀಮಾಂಸೆ

ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಿನ ನೆಲದಲ್ಲಿ ಕನ್ನಡದ ತಿರುಳಿದೆ ಎಂದು ಕವಿರಾಜಮಾರ್ಗಕಾರ ಗೆರೆ ಎಳೆದು ಸಾವಿರದ ನೂರು ವರ್ಷಗಳ ಮೇಲಾಯಿತು. ಆ ಪುಲಿಗೆರೆಯೇ ಇವತ್ತಿನ ಲಕ್ಷ್ಮೇಶ್ವರ. ಅದೇ ಧೈರ್ಯದ ಮೇಲೆ ಪ್ರಸ್ತುತ ಪ್ರಬಂಧಕಾರನು ಇನ್ನೊಂದು ಗೆರೆ ಎಳೆಯುತ್ತಿದ್ದಾನೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ನಾಲ್ಕರ ನಡುವೆ ಸಿಗುವುದು ತಿರುಳ್ನೆಪ. ದೇವರ ಮಾತು ಮೀರಿ ದೇವರಿಗೇ ಸಮಜಾಯಿಷಿ ಕೊಡುವ ವಿದ್ಯೆ ಇಷ್ಟು ಹದವಾಗಿ ಬೇರೆ ಸೀಮೆಯಲ್ಲಿ ಬೆಳೆದಿಲ್ಲ. ಪ್ರಬಂಧಕಾರ ಬೆಟಗೇರಿಯ ಕ್ರೈಸ್ತ ಸಭೆಯಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಕ್ಷೇತ್ರಕಾರ್ಯಕ್ಕೆ ಖರ್ಚಾಗಲಿಲ್ಲ. ಸಾಮಗ್ರಿಯ ಬಹುಪಾಲನ್ನು ಅವನು ಸ್ವಂತ ಬಾಯಿಂದಲೇ ಸಂಗ್ರಹಿಸಿದ್ದಾನೆ.

ಮೊದಲು ಪರಿಭಾಷೆ. ನೆವ ಅಂದರೂ ಒಂದೇ, ನೆಪ ಅಂದರೂ ಒಂದೇ. ಸಬೂಬು ಅರಬ್ಬಿಯಿಂದ ಬಂದದ್ದು. ಅಲ್ಲಿ ಅದಕ್ಕೆ ಕಾರಣ ಎಂಬ ಮರ್ಯಾದೆಯ ಅರ್ಥವಿತ್ತು, ನಮ್ಮ ಸಹವಾಸದಲ್ಲಿ ಕೆಟ್ಟಿತು. ಕುಂಟುನೆಪ ಹೆಸರಿಗೆ ಕುಂಟು, ಆದರೆ ಓಡುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಗಾದೆಯನ್ನು ಈ ಶಾಸ್ತ್ರದಿಂದ ಕೈಬಿಡಲಾಗಿದೆ. ಅವಳು ಕನಿಷ್ಠ ಅಂಗಳಕ್ಕಾದರೂ ಇಳಿದಿದ್ದಳು.

ಆಜ್ಞೆ ಮೀರುವುದೆಲ್ಲ ನೆಪವಲ್ಲ. 1858ರಲ್ಲಿ ಮುಂಡರಗಿ ಭೀಮರಾಯ ಇಂಗ್ಲಿಷರ ಆಜ್ಞೆ ಮೀರಿದ, ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಸತ್ತ. ಕಾಲುನೋವಿತ್ತು, ಪತ್ರ ತಡವಾಗಿ ಮುಟ್ಟಿತು ಎಂದೇನೂ ಹೇಳಲಿಲ್ಲ. ಇಂಥವರಿಂದ ನಮ್ಮ ಶಾಸ್ತ್ರಕ್ಕೆ ಉಪಯೋಗವಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ತಂದೆಯೊಬ್ಬ ಇಬ್ಬರು ಮಕ್ಕಳನ್ನು ತೋಟದ ಕೆಲಸಕ್ಕೆ ಕರೆಯುತ್ತಾನೆ. ಒಬ್ಬ ಒಲ್ಲೆ ಎಂದು ಆಮೇಲೆ ಹೋದ, ಇನ್ನೊಬ್ಬ ಹೋಗುತ್ತೇನೆಂದು ಹೋಗಲಿಲ್ಲ. ಈ ಎರಡನೆಯವನೇ ನಮ್ಮ ಕುಲಪುರುಷ. ಮಂಚದ ಮೇಲೆ ಮಗ್ಗುಲು ಬದಲಿಸುತ್ತ 'ಹೂಂ ರೀ, ಬಂದ್ನಿ ನೋಡ್ರಿ' ಅನ್ನುವ ಅವನ ದನಿ ಪ್ರತಿ ಓಣಿಯಲ್ಲೂ ಕೇಳುತ್ತದೆ.

ಆದಿನೆಪ ಆದಾಮನದು. ನೀನು ಕೊಟ್ಟ ಹೆಂಗಸು ಕೊಟ್ಟಳು, ತಿಂದೆ ಎಂಬರ್ಥದಲ್ಲಿ ಒಂದೇ ಉಸಿರಿಗೆ ಹೆಂಡತಿಯ ಮೇಲೂ ದೇವರ ಮೇಲೂ ಹಾಕಿದ. ಪ್ರಸಂಗಗಳಲ್ಲಿ ಇದು ಬೇಕಾದಷ್ಟು ಅರೆದು ಹೋಗಿದೆ. ಆರೋನನದು ಹೆಚ್ಚು ಕಲಾತ್ಮಕ. ಜನರ ಬಂಗಾರವನ್ನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು ಎಂದು ಮೋಶೆಯ ಮುಂದೆ ಮುಖ ಬಾಡಿಸದೆ ಹೇಳಿದ. ಗದಗಿನ ಮಿರ್ಚಿ ಅಂಗಡಿಯವನು, ಹಿಟ್ಟು ಎಣ್ಣೆಗೆ ಬಿತ್ತು, ಮಿರ್ಚಿ ತಾನಾಗೇ ಎದ್ದು ಬಂತು ಎಂದಂತೆ. ಬೆಟಗೇರಿಯ ನೇಕಾರನ ಮುಂದೆ ಆರೋನ ಇದನ್ನು ಹೇಳಿದ್ದರೆ ನಗೆಪಾಟಲಾಗುತ್ತಿದ್ದ; ಸೀರೆ ತಾನಾಗಿ ಮಗ್ಗದಿಂದ ಇಳಿಯುವುದಿಲ್ಲವೆಂದು ಅವನ ಬೆನ್ನಿಗೆ ಗೊತ್ತು. ಮೇಲಾಗಿ ಆರೋನ ಉಳಿ ಹಿಡಿದು ಆ ಕರುವನ್ನು ತಿದ್ದಿದ ಸಂಗತಿ ಅದೇ ಅಧ್ಯಾಯದಲ್ಲಿ ಮೊದಲೇ ದಾಖಲಾಗಿದೆ.

ಈಗ ಲೂಕನ 14ನೆಯ ಅಧ್ಯಾಯ. ನಮ್ಮ ಶಾಸ್ತ್ರದ ಮೂಲಗ್ರಂಥವೇ ಇದು. ದೊಡ್ಡ ಔತಣ, ಮೊದಲೇ ಹೇಳಿ ಇಟ್ಟ ಅತಿಥಿಗಳು, ಅಡಿಗೆಯಾದ ಮೇಲೆ ಒಬ್ಬೊಬ್ಬರದೂ ಒಂದೊಂದು ಕಾರಣ. ಒಬ್ಬ ಹೊಲ ಕೊಂಡಿದ್ದಾನೆ, ನೋಡಬೇಕಂತೆ. ಮುಂಡರಗಿಯಲ್ಲಿ ಹೊಲ ಕೊಳ್ಳುವವನು ಪಹಣಿ ತೆಗೆಸಿ, ಹದ್ದು ಅಳೆಸಿ, ಮಣ್ಣು ಮುಷ್ಟಿಯಲ್ಲಿ ಹಿಡಿದು ಮೂಸಿ, ಆಮೇಲೆ ಸಂಚಕಾರಕ್ಕೆ ಕೈ ಹಾಕುತ್ತಾನೆ. ಕೊಂಡ ಮೇಲೆ, ಅದೂ ಊಟದ ಹೊತ್ತಿಗೆ, ಹೊಲ ನೋಡಲು ಹೊರಟವನನ್ನು ಕಂಡರೆ ದಲಾಲಿಗಳು ಅಡ್ಡಬೀಳುತ್ತಾರೆ. ಎರಡನೆಯವನು ಐದು ಜೋಡಿ ಎತ್ತು ಕೊಂಡು ಪರೀಕ್ಷೆ ಮಾಡಲು ಹೊರಟಿದ್ದಾನೆ. ಹಲ್ಲು ನೋಡದೆ, ಸುಳಿ ನೋಡದೆ, ಹತ್ತು ಹೆಜ್ಜೆ ನಡೆಸದೆ ಎತ್ತು ಕೊಳ್ಳುವವನು ಶಿರಹಟ್ಟಿ ಸೀಮೆಯ ಯಾವ ದನದ ಸಂತೆಯಲ್ಲೂ ಹುಟ್ಟಿಲ್ಲ. ಮೂರನೆಯವನಿಗೆ ಮದುವೆಯಾಗಿದೆ. ಮೊದಲಿಬ್ಬರು ಕ್ಷಮಿಸಬೇಕೆಂದಾದರೂ ಕೇಳಿದರು, ಇವನು ಅದನ್ನೂ ಕೇಳಲಿಲ್ಲ. ಕಾನೂನು ಅವನ ಕಡೆಗಿತ್ತಲ್ಲ! ಹೊಸದಾಗಿ ಮದುವೆಯಾದವನನ್ನು ಒಂದು ವರ್ಷ ದಂಡಿಗೆ ಕರೆಯಬಾರದೆಂದು ಧರ್ಮೋಪದೇಶಕಾಂಡದಲ್ಲಿದೆ. ಊಟ ದಂಡಲ್ಲ ಎಂಬ ಆಕ್ಷೇಪವನ್ನು ಯಾರೂ ಎತ್ತಲಿಲ್ಲ.

ಈ ಔತಣದ ಒಂದು ಪ್ರಯೋಗ ನಮ್ಮಲ್ಲೇ ನಡೆದಿದೆ. ಬಾಸೆಲ್ ಮಿಷನ್ನಿನವರು 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಅದೇ ಕಾಲಕ್ಕೆ ಗದಗಿನ ಹತ್ತಿರದ ಮಲಸಮುದ್ರದಲ್ಲಿ ಬೇಸಾಯದ ವಸಾಹತೊಂದನ್ನು ಹೂಡಿದರು. ಕಾಲಜ್ಞಾನದ ಮಾತು ನಂಬಿದ ಜನರ ಗುಂಪೊಂದು ಕ್ರಿಸ್ತನ ಕಡೆಗೆ ಬರುತ್ತದೆ ಎಂಬ ಆಸೆ ಹುಟ್ಟಿತ್ತು, ಬಂದವರು ಉಳುಮೆ ಮಾಡಿ ಉಣ್ಣಲಿ ಎಂದು ನೆಲ ಸಿದ್ಧವಾಯಿತು. ಬರುವವರೆಂದು ನಂಬಿದ್ದ ಜನ ಬರಲಿಲ್ಲ. ಎರೆಭೂಮಿ ಹಾಗೇ ಇತ್ತು, ಜರ್ಮನ್ ಮಾತಿನ ಪಾದ್ರಿಗಳು ದಾರಿ ನೋಡುತ್ತಿದ್ದರು. ಹೊಲ, ಎತ್ತು, ಹೆಂಡತಿ, ಮೂರೂ ಆ ಜನರಿಗೂ ಇದ್ದವು ಎಂಬುದನ್ನು ಮರೆಯಬಾರದು. (ನ್ಯಾಯವಾಗಿ ಹೇಳಬೇಕೆಂದರೆ, ಕರೆದವರು ಪಾದ್ರಿಗಳು, ದೇವರಲ್ಲ. ಒಲ್ಲೆನೆಂದವರನ್ನು ಅವಿಧೇಯರು ಅನ್ನುವುದು ಅತಿಯಾಯಿತು. ಅವಿಧೇಯತೆಗೆ ಮೊದಲು ಒಪ್ಪಿರಬೇಕು. ಆ ಅರ್ಹತೆ ಬಂದಿರುವುದು ಬಂದು ಸೇರಿದವರ ಮೊಮ್ಮಕ್ಕಳಾದ ನಮಗೆ.)

ನಮ್ಮ ಕಾಲಕ್ಕೆ ಬಂದರೆ ಶ್ರೇಷ್ಠವಾದದ್ದು ನೀರಿನ ನೆಪ. ಗದಗ-ಬೆಟಗೇರಿಯಲ್ಲಿ ನಳ ಯಾವತ್ತು ಬರುತ್ತದೆಂದು ಯಾವ ಪ್ರವಾದಿಯೂ ನುಡಿಯಲಾರ. ಎಂಟೊಂಬತ್ತು ದಿನ ಕಾದ ಕೊಡ, ಬ್ಯಾರೆಲ್ಲು, ಹಂಡೆಗಳೆಲ್ಲ ಸಾಲಾಗಿ ನಿಂತಿರುವಾಗ ಆರಾಧನೆಯ ಗಂಟೆ ಬಾರಿಸಿದರೆ ಯಾರು ಏಳುತ್ತಾರೆ? ಮರುವಾರ ದೇವಾಲಯದ ಮೆಟ್ಟಿಲ ಮೇಲೆ ಸಭಾಪಾಲಕರು ನೋಡಿದ ಕೂಡಲೇ 'ನಳ ಬಂದಿದ್ವು ರೀ' ಎಂದರೆ ಸಾಕು. ಅವರ ಮನೆಯಲ್ಲೂ ಬ್ಯಾರೆಲ್ಲಿದೆ, ತಲೆ ಆಡಿಸುತ್ತಾರೆ. ಇದರ ಶಕ್ತಿ ಇರುವುದು ಅದು ನಿಜ ಎಂಬುದರಲ್ಲಿ. ಒಂದೇ ದೋಷವೆಂದರೆ ಬೇರೆ ಬೇರೆ ಓಣಿಗಳಿಗೆ ಬೇರೆ ಬೇರೆ ದಿನ ಬರುವ ನೀರು ನೆಪದಲ್ಲಿ ಮಾತ್ರ ಎಲ್ಲರಿಗೂ ರವಿವಾರವೇ ಬರುತ್ತದೆ. ಜ್ಞಾನೋಕ್ತಿಗಳ ಸೋಮಾರಿ ಬೀದಿಯಲ್ಲಿ ಸಿಂಹವಿದೆ ಎಂದು ಮನೆಯಲ್ಲೇ ಕೂತ. ಅವನಿಗೆ ನಳವಿರಲಿಲ್ಲ, ಪಾಪ. ಮುಂಡರಗಿಯ ಕಡೆಯವರಿಗೆ ಸಂಜೆಯ ಪ್ರಾರ್ಥನಾಕೂಟ ತಪ್ಪಿಸಲು ಕಪ್ಪತಗುಡ್ಡವಿದೆ. 2019ರಲ್ಲಿ ಅದು ವನ್ಯಧಾಮವಾದ ಮೇಲಂತೂ ಅಲ್ಲಿನ ಚಿರತೆಗೆ ಸರಕಾರದ ಮುದ್ರೆಯೂ ಬಿದ್ದಿದೆ.

ಆದರೆ ಇವೆಲ್ಲ ಲೌಕಿಕ ನೆಪಗಳು, ಕೂಲಿನಾಲಿಯವರಿಗೆ. ಪಂಡಿತರದು ಭಕ್ತಿನೆಪ: ದೇವರ ಆಜ್ಞೆಯನ್ನು ದೇವರ ಹೆಸರಿನಲ್ಲೇ ಮೀರುವುದು. ಇದರ ಆಚಾರ್ಯ ಅರಸ ಸೌಲ. ಅಮಾಲೇಕ್ಯರದು ಏನನ್ನೂ ಉಳಿಸಬೇಡ ಎಂಬ ಕಟ್ಟಪ್ಪಣೆ ಇತ್ತು. ಅವನು ಕೊಬ್ಬಿದ ಕುರಿ, ಎತ್ತುಗಳನ್ನು ಉಳಿಸಿಕೊಂಡು, ಹೇಳಿದ್ದೆಲ್ಲ ಮಾಡಿದೆ ಎಂದು ಪ್ರವಾದಿ ಸಮುವೇಲನನ್ನು ಎದುರುಗೊಂಡ. ಹಾಗಾದರೆ ಈ ಕುರಿಗಳ ಸದ್ದೇನು ಎಂದ ಮುದುಕ. ಸೌಲನ ಉತ್ತರ: ಜನ ಉಳಿಸಿದರು, ಒಳ್ಳೆಯವನ್ನೇ ಉಳಿಸಿದರು, ನಿನ್ನ ದೇವರಿಗೆ ಬಲಿ ಕೊಡಲಿಕ್ಕೆ. ನಿನ್ನ ದೇವರಿಗೆ ಎಂದದ್ದನ್ನು ಗಮನಿಸಬೇಕು. ಸಿಕ್ಕಿಬಿದ್ದ ಗಳಿಗೆಯಲ್ಲಿ ದೇವರನ್ನೂ ಸಮುವೇಲನ ಕಡೆಗೇ ದಾಟಿಸಿಬಿಟ್ಟ. ಮುಂದೆ ಯೇಸುವಿನ ಕಾಲಕ್ಕೆ ಇದು ಕೊರ್ಬಾನ್ ಆಗಿ ಬೆಳೆಯಿತು. ತಾಯಿತಂದೆಗೆ ಕೊಡಬೇಕಾದ್ದನ್ನು ದೇವರಿಗೆ ಮುಡಿಪಾಯಿತು ಎಂದುಬಿಟ್ಟರೆ ಮಗ ಪಾರು. ಬೆಟಗೇರಿಯಲ್ಲಿ ಅದರ ಸದ್ಯದ ರೂಪ ನಾಲ್ಕೇ ಶಬ್ದದ್ದು: 'ಪ್ರಾರ್ಥನಿ ಮಾಡಿ ಹೇಳ್ತೀನಿ ತಗೋರಿ.' ಸಾಲ ತೀರಿಸು, ಸುಳ್ಳುಸಾಕ್ಷಿ ಬೇಡ ಎಂದು ಕಲ್ಲಿನ ಮೇಲೆ ಕೊರೆದು ಕೊಟ್ಟಷ್ಟು ಸ್ಪಷ್ಟವಾದ ವಿಷಯಕ್ಕೂ ಇದು ನಡೆಯುತ್ತದೆ. ಪ್ರಾರ್ಥನೆ ಬೇಡವೆಂದು ಯಾವ ಸಭಾಪಾಲಕರು ಹೇಳಿಯಾರು?

ಪುಲಿಗೆರೆಯ ಶಾಸನಕಾರರು ಈ ಬಾಬತ್ತಿನಲ್ಲಿ ಜಾಣರು. ದಾನಶಾಸನದ ಕೊನೆಗೆ, ಇದನ್ನು ಅಳಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟಲಿ ಎಂಬ ಶಾಪ ಬರೆದು ಮುಗಿಸುತ್ತಿದ್ದರು. ಸಮಜಾಯಿಷಿಗೆಂದು ಒಂದು ಸಾಲಿನಷ್ಟೂ ಕಲ್ಲು ಖಾಲಿ ಬಿಡುತ್ತಿರಲಿಲ್ಲ.

ಇನ್ನು ಒಂದು ವ್ಯಕ್ತಿ ಅಧ್ಯಯನ. ಪ್ರಬಂಧಕಾರನಿಗೆ ಲಕ್ಷ್ಮೇಶ್ವರದಲ್ಲಿ ಒಬ್ಬ ಅಣ್ಣನಿದ್ದಾನೆ. ಅಪ್ಪ ತೀರಿದ ಮೇಲೆ ಹೊಲದ ಬದುವಿನ ಹುಣಸೆಮರ ಯಾರ ಪಾಲಿಗೆ ಎಂಬಲ್ಲಿ ಮಾತು ನಿಂತು ಹನ್ನೊಂದು ವರ್ಷ. ಸಹೋದರನ ಜೊತೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂಬ ಆಜ್ಞೆ ಬೆಟ್ಟದ ಪ್ರಸಂಗದಲ್ಲಿದೆ, ಪ್ರಬಂಧಕಾರ ಅದನ್ನು ರವಿವಾರದ ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಾನೆ. ದಾರಿ ನಲವತ್ತು ಕಿಲೋಮೀಟರ್ ಆಸುಪಾಸು. ಒಮ್ಮೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿಯೂ ಇದ್ದ. ಹುಬ್ಬಳ್ಳಿ ಬಸ್ಸು ಮೊದಲು ಬಂತು, ಅಲ್ಲಿಯೂ ಸಣ್ಣದೊಂದು ಕೆಲಸವಿತ್ತು, ಹತ್ತಿ ಕೂತ. ಯೋನನೂ ನಿನೆವೆಗೆ ಹೋಗೆಂದರೆ ಯೊಪ್ಪದಲ್ಲಿ ತಾರ್ಷೀಷಿನ ಹಡಗು ಹತ್ತಿದ್ದ, ಪ್ರಯಾಣದ ದುಡ್ಡು ಕೊಟ್ಟೇ ಹತ್ತಿದ. ಟಿಕೆಟ್ ತೆಗೆದುಕೊಂಡು ಅವಿಧೇಯರಾದವರಲ್ಲಿ ನಾವಿಬ್ಬರೂ ಬರುತ್ತೇವೆ.

ಅಣ್ಣ ಮಾತ್ರ ಪ್ರತಿವರ್ಷ ಬೇಸಿಗೆಗೆ, ಈ ಕಡೆ ಬರುವ ಯಾರದಾದರೂ ಕೈಯಲ್ಲಿ, ಆ ಮರದ ಹಣ್ಣು ಕಳಿಸುತ್ತಾನೆ. ಬೀಜ ತೆಗೆದು, ನಾರು ಬಿಡಿಸಿ, ಉಪ್ಪು ಸವರಿ, ಹಳೆ ಧೋತರದ ತುಂಡಿನಲ್ಲಿ ಉಂಡೆಗಟ್ಟಿದ್ದು. ಚೀಟಿ ಇರುವುದಿಲ್ಲ. ಈ ವರ್ಷದ ಗಂಟು ಬಂದ ದಿನವೇ ಸಭಾಪಾಲಕರು ಮನೆಭೇಟಿಗೆ ಬಂದರು. ಪ್ರಾರ್ಥನೆ ಮಾಡಿದರು, ಚಹಾ ಕುಡಿದರು, ಮೆಲ್ಲಗೆ ಲಕ್ಷ್ಮೇಶ್ವರದ ಮಾತು ತೆಗೆದರು. ನಮ್ಮಿಬ್ಬರ ನಡುವೆ ಈಗ ಏನೂ ಇಲ್ಲ, ಎಲ್ಲ ಕ್ಷಮಿಸಿ ಆಗಿದೆ ಎಂದು ಪ್ರಬಂಧಕಾರ ಹೇಳಿದ. ಸಭಾಪಾಲಕರು ಮೂಗೇರಿಸಿ ಬಾಗಿಲ ಮೂಲೆ ನೋಡಿದರು.

'ಹುಣಸಿಹಣ್ಣು ಘಮ್ ಅನ್ನಾಕತ್ತೇತಲ್ರೀ. ಎಲ್ಲೀದು?'

'ಸುಗ್ಗಿ ಹಬ್ಬದ ಕಾಣಿಕಿಗಂತ ತಗದಿಟ್ಟೀನ್ರೀ,' ಎಂದ ಪ್ರಬಂಧಕಾರ. 'ಚಲೋದು ನೋಡಿ.'