ಮೈಲಿಗಲ್ಲು ಮಾವ

ಪ್ರತಿ ಬಡಾವಣೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಿವೃತ್ತರು, ಮಗಳು ಸಿಂಗಪುರದಲ್ಲಿ, ಮಗಳ ಮನೆಗಿಂತ ಆ ಮನೆಯ ದಾರಿಯ ಮೇಲೇ ಮಮತೆ ಹೆಚ್ಚು. ನಮ್ಮ ಬನಶಂಕರಿಯವರಿಗೆ ನಾವಿಟ್ಟ ಹೆಸರು ಮೈಲಿಗಲ್ಲು ಮಾವ. ಸತ್ಯನಾರಾಯಣ ಪೂಜೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಮಾತಿಗೆಂದು, "ಸಿಂಗಪುರ ಎಷ್ಟು ದೂರ ಆಗತ್ತೆ ಮಾವ?" ಅಂದರೆ ಮುಗಿಯಿತು, ಕೋಸಂಬರಿಗೆ ಹೋದ ಕೈ ಅಲ್ಲೇ ನಿಲ್ಲುತ್ತದೆ.

"ನೆಟ್ಟಗೆ ಹಾರಿದ್ರೆ ಸುಮಾರು 3,200 ಕಿಲೋಮೀಟರು ಕಣಯ್ಯ. ಪೈಲಟ್ಟುಗಳ ಲೆಕ್ಕ ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿಲೋಮೀಟರು." ಎಲೆಯ ತುದಿಯ ಉಪ್ಪು ಬೆಂಗಳೂರಾಗುತ್ತದೆ, ಪಾಯಸ ಸಿಂಗಪುರ. ನಡುವೆ ಬಂಗಾಳಕೊಲ್ಲಿ. ಸಾರು ಹಿಡಿದು ಬಂದವನು ಸಮುದ್ರ ದಾಟುವ ತನಕ ಸೌಟು ಎತ್ತಿಕೊಂಡೇ ನಿಂತಿರಬೇಕು.

"ಗಂಟೆಗೆ 850 ಕಿಲೋಮೀಟರಿನಂತೆ ಭಾಗಿಸು, ನಾಲ್ಕು ಗಂಟೆಯೂ ಬೇಡ. ಟಿಕೆಟ್‌ನಲ್ಲಿ ಮಾತ್ರ ನಾಲ್ಕೂವರೆ! ಯಾಕೆ?" ಉತ್ತರವೂ ಅವರದೇ: ರನ್‌ವೇ ತನಕ ತೆವಳಬೇಕು, ಏರಬೇಕು, ಇಳಿಯಬೇಕು, ನಿಲ್ಲೋ ಜಾಗ ಸಿಗಬೇಕು.

ಇಷ್ಟಕ್ಕೇ ಬಿಟ್ಟರೆ ಪುಣ್ಯ. ಮಾವನ ನಿಜವಾದ ಅಖಾಡ ಗಡಿಯಾರ. ರಾತ್ರಿ 11ಕ್ಕೆ ಹೊರಟ ವಿಮಾನ ಅಲ್ಲಿ ಇಳಿಯುವುದು ಬೆಳಿಗ್ಗೆ 6ಕ್ಕೆ. ಬರುವಾಗ ಸಂಜೆ 8ಕ್ಕೆ ಹತ್ತಿದರೆ ಇಳಿದಾಗ ಇಲ್ಲಿ ಇನ್ನೂ 10. ಹೋಗಲು ಏಳು ಗಂಟೆ, ಬರಲು ಎರಡೇ ಎಂದು ಯಾರಾದರೂ ಬೆರಗಾದರೆ ಮಾವನಿಗೆ ಹಬ್ಬ. ಎರಡೂವರೆ ಗಂಟೆಯ ವ್ಯತ್ಯಾಸವನ್ನು ಕೂಡಿಸಿ, ಕಳೆದು ತೋರಿಸುತ್ತಾರೆ. ಆಮೇಲೆ ದನಿ ತಗ್ಗಿಸಿ, "ಮೊದಲು ಎರಡೇ ಗಂಟೆ ಇತ್ತು. ಮಲೇಷ್ಯಾ ಜೊತೆಗೆ ಇವರೂ 1982ರಲ್ಲಿ ಅರ್ಧ ಗಂಟೆ ಮುಂದಕ್ಕೆ ತಿರುಗಿಸ್ಕೊಂಡ್ರು. ಸೂರ್ಯನ್ನ ಕೇಳಿದ್ರೆ ಬೆಂಗಳೂರಿಗೂ ಅಲ್ಲಿಗೂ ಒಂದೂಮುಕ್ಕಾಲು ಗಂಟೆ. ಉಳಿದ ಮುಕ್ಕಾಲು ಸರ್ಕಾರಗಳದ್ದು" ಅನ್ನುತ್ತಾರೆ, ಆಸ್ತಿಯಲ್ಲಿ ಪಾಲು ತಪ್ಪಿದವರ ಹಾಗೆ. ಲೆಕ್ಕವೇನೋ ಸರಿ; ಅದೇ ನಮ್ಮ ಕಷ್ಟ.

ಅತ್ತೆಗೆ ಇದಾವುದೂ ಬೇಡ. ಅಡುಗೆಮನೆಯಲ್ಲಿ ಎರಡೂವರೆ ಗಂಟೆ ಮುಂದಿಟ್ಟ ಗಡಿಯಾರವೊಂದು ನೇತಾಡುತ್ತದೆ. ಅದನ್ನು ನೋಡಿ, "ಮೊಮ್ಮಗು ಸ್ಕೂಲಿಂದ ಬಂದಿರತ್ತೆ" ಎಂದು ಫೋನ್ ಹಚ್ಚುತ್ತಾರೆ. ಅವರ ಲೆಕ್ಕವೇನಿದ್ದರೂ ಕಿಲೋಗಳದ್ದು: ಚಟ್ನಿಪುಡಿ ಎಷ್ಟು, ಹುರಿಗಾಳು ಎಷ್ಟು, ಮಾವನ ಬಟ್ಟೆ ಎಷ್ಟು ಕಡಿಮೆ ಮಾಡಬಹುದು.

ಇಷ್ಟೆಲ್ಲ ಬಲ್ಲ ಮಾವ ಹೊರಡುವ ದಿನ ಮಾತ್ರ ರಾತ್ರಿ 11ರ ವಿಮಾನಕ್ಕೆ ಮಧ್ಯಾಹ್ನ ಮೂರಕ್ಕೇ ಕ್ಯಾಬ್ ಕರೆಸುತ್ತಾರೆ. ಬನಶಂಕರಿಯಿಂದ ದೇವನಹಳ್ಳಿಗೆ ನಲವತ್ತು ಚಿಲ್ಲರೆ ಕಿಲೋಮೀಟರು. ಅದಕ್ಕೆ ಎಷ್ಟು ಹೊತ್ತು ಎಂದು ಕೇಳಿದರೆ ಸುಮ್ಮನಾಗಿಬಿಡುತ್ತಾರೆ. ದಾರಿಯ ಹೆಬ್ಬಾಳದ ಟ್ರಾಫಿಕ್ಕಿಗೆ ಅವರಲ್ಲೂ ಸೂತ್ರವಿಲ್ಲ.

ನೀವೂ ಸಿಂಗಪುರಕ್ಕೆ ಹೊರಟಿದ್ದರೆ ಇಷ್ಟು ನೆನಪಿರಲಿ: ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಹೆಚ್ಚಿನ ವಿವರ ಬೇಕಾದರೆ ಮಾವ ಮನೆಯಲ್ಲೇ ಇರುತ್ತಾರೆ. ಊಟ ಮುಗಿಸಿಕೊಂಡು ಹೋಗಿ.