ಚರಕದ ಮೇಲೆ ನೈಕ್ರೋಮ್

ಕರೆಂಟ್ ಒಲೆಯ ಕಾಯಿಲ್ ಸುತ್ತಿದ್ದೇ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕಾಗಿ ಗೋಕಾಕದ ಪೇಟೆಗೆ ಹೋಗಬೇಕಾಗಿಲ್ಲ, ನಮ್ಮ ಕೌಜಲಗಿಯಲ್ಲೇ ಅಂಗಡಿಯ ಬಾಗಿಲಿಗೆ ತೂಗುಹಾಕಿರುತ್ತಾರೆ. ಇಬ್ಬರು ಚಹಾ ಕುಡಿದು ಚುರಮರಿ ತಿಂದು ಎದ್ದರೆ ಆಗುವಷ್ಟೇ ಖರ್ಚು. ಇದೆಲ್ಲ ಗೊತ್ತಿದ್ದೂ ನಾನು ಮನೆಯಲ್ಲೇ ಕಾಯಿಲ್ ಸುತ್ತಲು ಕೂತೆನೆಂದರೆ ಅದಕ್ಕೆ ನಮ್ಮ ತಮ್ಮನ ಮಗನೇ ಹೊಣೆ.

ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವ. ಜಾತ್ರೆಗೆಂದು ಬಂದವನ ಚೀಲದಲ್ಲಿ ಒಂದು ಇ-ಸಿಗರೇಟು. ಎಳೆದರೆ ಸ್ಟ್ರಾಬೆರಿ ವಾಸನೆ ಬರುತ್ತದೆ. ನಿಪ್ಪಾಣಿ ತಂಬಾಕಿನ ಸೀಮೆಯಲ್ಲಿ ಹುಟ್ಟಿ, ಅಜ್ಜನ ಬೀಡಿಯ ಘಾಟಿನಲ್ಲೇ ಬೆಳೆದ ಹುಡುಗನಿಗೆ ಸ್ಟ್ರಾಬೆರಿ! ನನಗೆ ಕಾಯ್ದೆ ನೆನಪಾಯಿತು. "ಕರ್ನಾಟಕದಾಗ ಇದು 2016ರಾಗ ಬಂದ್ ಆಗೈತಿ. 2019ರಾಗ ಇಡೀ ದೇಶಕ್ಕ ಬಂದ್ ಮಾಡ್ಯಾರ. ಮಾಡಿದವರಿಗೆ, ಮಾರಿದವರಿಗೆ ಮೊದಲನೇ ಸಲಕ್ಕ ವರ್ಷದ ತನಕ ಜೈಲು, ಲಕ್ಷದ ತನಕ ದಂಡ" ಎಂದು ಹೆದರಿಸಿದೆ. ಹುಡುಗ ಹೆದರಲಿಲ್ಲ. ಸಾಮಾನು ಬಿಚ್ಚಿ ಒಳಗಿನ ಕಾಯಿಲ್ ತೋರಿಸಿದ. ತಾನೇ ಮಾಡಿದ್ದಂತೆ. ದಪ್ಪ ತಂತಿಯ ಮೈಮೇಲೆ ಸಣ್ಣ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಹಾಗೆ ಸುತ್ತಿದ್ದನ್ನೇ ಮತ್ತೆ ಸುರುಳಿ ಮಾಡಿದ್ದ. ಗಿಟಾರಿನ ದಪ್ಪ ತಂತಿಯೂ ಹೀಗೇ ಇರುವುದರಿಂದ ಈ ಸುರುಳಿಗೆ ಗಿಟಾರ್ ನುಡಿಸುವ ಎರಿಕ್ ಕ್ಲಾಪ್ಟನ್‌ನ ಹೆಸರಿಟ್ಟಿದ್ದಾರಂತೆ.

"ರೆಡಿಮೇಡ್‌ದಾಗ ಮಜಾ ಇಲ್ಲ ಕಾಕಾ. ಕೈಲೆ ಸುತ್ತಿದ್ದರ ರುಚಿನ ಬ್ಯಾರೆ" ಎಂದ.

ಅವನ ಹೊಗೆ ನನಗೆ ಹಿಡಿಸಲಿಲ್ಲ, ಮಾತು ಹಿಡಿಸಿತು. ಹುಡುಗ ಬೆಂಗಳೂರಿನ ಬಸ್ ಹತ್ತಿದ. ನಾನು ನಮ್ಮ ಒಲೆಯ ಸತ್ತ ಕಾಯಿಲ್ ಕಿತ್ತು ಕೈಯಲ್ಲಿ ಹಿಡಿದೆ.

ಅವನದಕ್ಕೂ ನಮ್ಮ ಒಲೆಯದಕ್ಕೂ ಲೋಹ ಒಂದೇ, ನೈಕ್ರೋಮ್. ಹೆಚ್ಚುಕಡಿಮೆ ಎಂಬತ್ತು ಪಾಲು ನಿಕಲ್, ಇಪ್ಪತ್ತು ಪಾಲು ಕ್ರೋಮಿಯಂ. ಆಲ್ಬರ್ಟ್ ಮಾರ್ಶ್ ಎಂಬ ಅಮೆರಿಕದವನು 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕಾದಾಗ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಪದರು ಕಟ್ಟಿಕೊಳ್ಳುತ್ತದೆ, ಆ ಪದರೇ ಒಳಗಿನ ಲೋಹವನ್ನು ಕಾಯುತ್ತದೆ. ಹಾಗಾಗಿ ದಿನವೂ ಕೆಂಪಗೆ ಕಾದರೂ ಬಹಳ ಕಾಲ ಬಾಳುತ್ತದೆ. ವ್ಯತ್ಯಾಸ ಇರುವುದು ಉದ್ದದಲ್ಲಿ. ಹುಡುಗನಿಗೆ ಗೇಣುದ್ದ ತಂತಿ ಸಾಕು. 230 ವೋಲ್ಟಿನಲ್ಲಿ 1000 ವ್ಯಾಟ್ ಉರಿಯುವ ಒಲೆಗೆ 53 ಓಮ್ ತಡೆ ಬೇಕು. ನಾನು ಬೆಳಗಾವಿಯಿಂದ ತರಿಸಿದ 26 ಗೇಜಿನ ತಂತಿಯಲ್ಲಿ ಅದು ಎಂಟು ಮೀಟರ್. ಸೈಕಲ್ಲಿನ ಸ್ಪೋಕ್ ಕಡ್ಡಿಗೆ ಸುತ್ತಿದರೆ ಸಾವಿರದ ಮೇಲೆ ಸುತ್ತು.

ಸಾವಿರ ಸುತ್ತೆಂದರೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಬಹುದು. ನಮ್ಮ ಸೀಮೆಯ ಇತಿಹಾಸ ಧೈರ್ಯ ಕೊಟ್ಟಿತು. ಗೋಕಾಕ ಫಾಲ್ಸಿನಲ್ಲಿ 1887ರಲ್ಲೇ ನೀರಿನಿಂದ ಕರೆಂಟ್ ತೆಗೆದರೆಂದು ನಾವು ಬಂದ ನೆಂಟರಿಗೆಲ್ಲ ಕರದಂಟಿನ ಜೊತೆ ಹೇಳಿ ಕಳಿಸುವವರು. ಹುಕ್ಕೇರಿಯವರು 1969ರಲ್ಲಿ ತಮ್ಮದೇ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ತಮ್ಮ ಹಳ್ಳಿಗಳಿಗೆ ತಾವೇ ಕರೆಂಟ್ ಹಂಚಿಕೊಂಡವರು. ಇಂಥವರ ನಡುವೆ ಹುಟ್ಟಿದ ಮನುಷ್ಯ ಒಂದು ಒಲೆಯ ಕಾಯಿಲಿಗೆ ಅಂಗಡಿಯವನ ಮುಂದೆ ಕೈ ಚಾಚಬೇಕೆ?

ಸಾಧನವೂ ಮನೆಯಲ್ಲೇ ಇತ್ತು. ಹುದಲಿಗೆ 1937ರಲ್ಲಿ ಗಾಂಧೀಜಿ ಬಂದಿದ್ದಾಗ ನಮ್ಮಜ್ಜ ನಡೆದುಕೊಂಡು ಹೋಗಿ ನೋಡಿ ಬಂದಿದ್ದ, ಬಂದವನೇ ಪೆಟ್ಟಿಗೆ ಚರಕ ಕೊಂಡಿದ್ದ. ಅದು ಅಟ್ಟದ ಮೇಲಿತ್ತು. ಕದಿರು ತೆಗೆದು ಅದರ ಜಾಗದಲ್ಲಿ ಸ್ಪೋಕ್ ಕಡ್ಡಿ ಕೂರಿಸಿದೆ. ಚಕ್ರ ಒಂದು ಸುತ್ತು ಬಂದರೆ ಕಡ್ಡಿ ಗಿರ್ರನೆ ಎಷ್ಟೋ ಸುತ್ತು ಬರುತ್ತದೆ. ಸ್ವದೇಶಿ ಚಳವಳಿಯಲ್ಲಿ ಯಾರಿಗೂ ಹೊಳೆಯದ್ದು ನನಗೆ ಹೊಳೆದಿತ್ತು.

"ಅಜ್ಜಾರು ಈಗ ಇದ್ದಿದ್ರ ಉಪವಾಸ ಕೂಡ್ತಿದ್ರು" ಎಂದಳು ಮನೆಯಾಕೆ.

ತೊಡಕು ಇದ್ದದ್ದು ತಂತಿಯ ಇನ್ನೊಂದು ತುದಿಯಲ್ಲಿ. ಹತ್ತಿಯ ನೂಲು ಕೈ ಹೇಳಿದ ಹಾಗೆ ಕೇಳುತ್ತದೆ, ನೈಕ್ರೋಮ್ ಕೇಳುವುದಿಲ್ಲ. ಬಿಗಿಯಾಗಿ ಯಾರಾದರೂ ಎಳೆದು ಹಿಡಿದಿರಬೇಕು. ಎಂಟು ಮೀಟರ್ ತಂತಿ ಪಡಸಾಲೆ ದಾಟಿ, ನಡುಮನೆ ದಾಟಿ ಅಡಿಗೆಮನೆ ಸೇರಿತು. ಅಲ್ಲಿ ಮನೆಯಾಕೆ ಇಕ್ಕಳದಲ್ಲಿ ತುದಿ ಹಿಡಿದು ನಿಂತಳು. ಲೆಕ್ಕ ಹೀಗೆ: ಕಡ್ಡಿ ಒಂದು ಸುತ್ತು ಬಂದರೆ ಮುಕ್ಕಾಲು ಸೆಂಟಿಮೀಟರ್ ತಂತಿ ಸೇರುತ್ತದೆ, ಆಕೆ ಮುಕ್ಕಾಲು ಸೆಂಟಿಮೀಟರ್ ಮುಂದೆ ಬರಬೇಕು. ಹೆಚ್ಚು ಬಂದರೆ ತಂತಿ ಸಡಿಲ, ಕಡಿಮೆ ಬಂದರೆ ಕಡ್ಡಿ ಬಾಗುತ್ತದೆ. ನಮ್ಮ ಮದುವೆಯಲ್ಲಿ ಅಂತರಪಟದ ಆಚೆಯಿಂದ ಈಚೆಗೆ ಬರಲೂ ಆಕೆ ಇಷ್ಟು ಸಾವಕಾಶ ಮಾಡಿರಲಿಲ್ಲ. ನಾನು ಚಕ್ರ ತಿರುವುತ್ತಿದ್ದೆ, ಆಕೆ ಒಂದು ಹೆಬ್ಬೆರಳಿನ ಮುಂದೆ ಇನ್ನೊಂದು ಹೆಬ್ಬೆರಳು ಜರುಗಿಸುತ್ತ ಬರುತ್ತಿದ್ದಳು. ಮುಖದಲ್ಲಿ ಮಾತ್ರ ಹೊಸ ಮದುವಣಗಿತ್ತಿಯ ಲಕ್ಷಣ ಯಾವುದೂ ಇರಲಿಲ್ಲ. ನಡುಮನೆಯ ಹೊಸ್ತಿಲಿಗೆ ಬಂದಾಗ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು.

"ನಿಮಗೇನ್ರಿ, ಸುತ್ತಕೋತ ಕೂಡ್ತೀರಿ" ಎಂದು ಇಕ್ಕಳವನ್ನು ಪಕ್ಕದ ಮನೆಯ ಅಜ್ಜನ ಕೈಗೆ ಕೊಟ್ಟು ಒಳಗೆ ಹೋದಳು. ಅಜ್ಜ ಪೇಪರ್ ಓದಲು ಬಂದಿದ್ದ.

ಅಜ್ಜನಿಗೆ ಎಂಬತ್ತು ದಾಟಿದೆ. ಅವನ ಹೆಜ್ಜೆಗೆ ಮುಕ್ಕಾಲು ಸೆಂಟಿಮೀಟರ್ ಸಹಜವಾಗಿಯೇ ಒಗ್ಗಿತು. ಆದರೆ ಅವನ ಬಾಯಿ ಕೃಷ್ಣ ಪಾರಿಜಾತದ ಆಟಕ್ಕೆ ಹೋಯಿತು. ಕೌಜಲಗಿಯಲ್ಲಿ ಈ ವಯಸ್ಸಿನವರ ಬಾಯಿ ಬೇರೆಲ್ಲಿಗೂ ಹೋಗುವುದಿಲ್ಲ. ಕುಲಗೋಡ ತಮ್ಮಣ್ಣನ ಪದಗಳಿಂದ ಹಿಡಿದು ಕೌಜಲಗಿ ನಿಂಗಮ್ಮನ ಸತ್ಯಭಾಮೆಯವರೆಗೆ ಬಂದ. ನನಗೆ ಎಣಿಕೆ ತಪ್ಪಿತು. ಮೊದಲಿನಿಂದ ಎಣಿಸಲು ಚರಕ ನಿಲ್ಲಿಸಿದೆ.

"ನಿಂಗಮ್ಮನ ಪಾರಿಜಾತ ಸೈತ ಬೆಳಕ ಹರಿಯೂದ್ರಾಗ ಮುಗೀತಿತ್ತೋ ತಮ್ಮಾ. ನಿನ್ನ ಸುರಳಿ ಮುಗೀವಲ್ದಲ್ಲೋ" ಎಂದ.

ಮುಗಿಯಲು ಇನ್ನೊಂದು ಮಾರು ಉಳಿದಿತ್ತು. ಅಜ್ಜನಿಗೂ ನನಗೂ ನಡುವೆ ಆ ಒಂದು ಮಾರು. ಆಗ ಬೀದಿಯಲ್ಲಿ ಯಾರೋ "ಆರಾಮೇನ್ರಿ ಅಜ್ಜಾರ" ಅಂದರು. ಅಜ್ಜ ಮರ್ಯಾದಸ್ಥ. ಎರಡೂ ಕೈ ಎತ್ತಿ ಮುಗಿದ. ಇಕ್ಕಳ ನೆಲಕ್ಕೆ ಬಿತ್ತು. ತಂತಿ ಬಾಲ ತುಳಿಸಿಕೊಂಡ ಹಾವಿನಂತೆ ಒದ್ದಾಡಿ, ಸುತ್ತಿದ ಸುರುಳಿಯೆಲ್ಲ ಕಡ್ಡಿಯ ಮೇಲೆಯೇ ಸಡಿಲಾಗಿ ಉಬ್ಬಿ, ತುದಿ ಹಾರಿ ಹೋಗಿ ಗೋಡೆಯ ಮೇಲಿನ ನಮ್ಮಜ್ಜನ ಫೋಟೋದ ಚೌಕಟ್ಟಿಗೆ ಸಿಕ್ಕಿತು. ಫೋಟೋದಲ್ಲಿ ಅಜ್ಜ ಗಾಂಧಿ ಟೋಪಿ ಹಾಕಿಕೊಂಡು ನೇರ ನನ್ನನ್ನೇ ನೋಡುತ್ತಿದ್ದ. ಅವನ ಚರಕ, ಅವನ ಫೋಟೋ, ನಡುವೆ ಅಮೆರಿಕದ ತಂತಿ.

ಮತ್ತೆ ಸುತ್ತಿದೆವು. ಒಲೆಯ ತಟ್ಟೆಯ ಗಾಡಿಯಲ್ಲಿ ಕೂರಿಸಿದೆವು. ಸ್ವಿಚ್ ಹಾಕಿದರೆ ಕಾಯಿಲ್ ಕಾಯಿತು, ಕೆಂಪಾಗಲಿಲ್ಲ. ವೈಂಡಿಂಗ್ ಅಂಗಡಿಯಿಂದ ಮೀಟರ್ ತಂದು ನೋಡಿದರೆ ಮನೆಗೆ ಬರುತ್ತಿದ್ದದ್ದು 170 ವೋಲ್ಟ್. ತ್ರೀ ಫೇಸ್ ಬಿಟ್ಟಿದ್ದರು, ಸುತ್ತಲಿನ ಕಬ್ಬಿನ ಹೊಲದ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ಎಳೆಯುತ್ತಿದ್ದವು. 170 ವೋಲ್ಟಿನಲ್ಲಿ 1000 ವ್ಯಾಟಿನ ಒಲೆ ಸುಮಾರು 550ಕ್ಕೆ ಇಳಿಯುತ್ತದೆ. ಅದರಲ್ಲಿ ಚಹಾ ಆಗುವಷ್ಟರಲ್ಲಿ ನೆಂಟರು ಎದ್ದು ಹೋಗುತ್ತಾರೆ. ಲೆಕ್ಕ ಬಲ್ಲವನಿಗೆ ಇದೇನು ದೊಡ್ಡದು? ವೋಲ್ಟೇಜ್ ಕಡಿಮೆಯಾದರೆ ತಡೆಯನ್ನೂ ಕಡಿಮೆ ಮಾಡಬೇಕು. ಕಾಯಿಲಿನ ಅರ್ಧಕ್ಕೆ ಹತ್ತಿರ ಕತ್ತರಿಸಿ ಒಗೆದೆ, ಉಳಿದದ್ದನ್ನು ಹಿಗ್ಗಿಸಿ ಕೂರಿಸಿದೆ. ಆಹಾ, ಏನು ಬಣ್ಣ! ಓಣಿಯ ಹೆಣ್ಣುಮಕ್ಕಳು ಬಂದು ನೋಡಿ ಹೋದರು. ಅಂಗಡಿಯ ಕಾಯಿಲ್ ಇದರ ಕಾಲಕಸಕ್ಕೆ ಸಮವಿಲ್ಲ ಎಂದು ನಾನೇ ಎಲ್ಲರಿಗೂ ಹೇಳಿದೆ.

ಆಮೇಲೆ ಒಂದು ರಾತ್ರಿ ಮಳೆ ಬಂತು. ಹೊಲಕ್ಕೆ ನೀರು ಬೇಡವಾಯಿತು, ಪಂಪ್‌ಸೆಟ್ಟುಗಳು ನಿಂತವು, ವೋಲ್ಟೇಜ್ 240ಕ್ಕೆ ಏರಿತು. ನನ್ನ 170ರ ಕಾಯಿಲ್ ಸುಮಾರು 2000 ವ್ಯಾಟ್ ಉರಿಯತೊಡಗಿತು. ಕೆಂಪಿನಿಂದ ಹಳದಿಗೆ ಹೋಯಿತು. ಪಾತ್ರೆಯ ಹಾಲು ಉಕ್ಕಿ ತಟ್ಟೆಯ ಮೇಲೆ ಚೆಲ್ಲಿತು, ತಟ್ಟೆ ಫಟ್ಟನೆ ಸೀಳಿತು, ಫ್ಯೂಸ್ ಹೋಗಿ ಮನೆ ಕತ್ತಲಾಯಿತು. ಇದರಲ್ಲಿ ನನ್ನ ಲೆಕ್ಕ ಎಲ್ಲಿಯೂ ತಪ್ಪಿಲ್ಲ, ಮಳೆಯದೇ ತಪ್ಪು ಎಂದು ಇವತ್ತಿಗೂ ವಾದಿಸುತ್ತೇನೆ.

ಫ್ಯೂಸ್ ಹಾಕಲು ಹೊರಟೆ. ಅಂಗಳ ದಾಟಿ ಬಂದಿದ್ದೆ, ಕಾಲು ಹಸಿಯಾಗಿತ್ತು. ಮನೆಯಾಕೆ ರಟ್ಟೆ ಹಿಡಿದಳು. "ಹಸಿಗಾಲಾಗ ಮುಟ್ಟಬ್ಯಾಡ್ರಿ" ಎಂದಳು, ಅಷ್ಟೇ. ಇಬ್ಬರಿಗೂ ಇನ್ನೊಬ್ಬ ಹುಡುಗ ನೆನಪಾದ. ನಮ್ಮ ಹೊಲದ ಆಚೆ ದಡದವನು. ರಾತ್ರಿ ಪಾಳಿಯ ಕರೆಂಟಿಗೆ ಎದ್ದು, ಕಬ್ಬಿಗೆ ನೀರು ಬಿಡಲು ಹೋಗಿ, ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿದವನನ್ನು ಬೆಳಿಗ್ಗೆ ಅವರಪ್ಪ ನೋಡಿದ. ಹತ್ತು ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ ಎನ್ನುತ್ತಾರೆ, ಹೌದು. ಆದರೆ ಆ ಪುಕ್ಕಟೆ ಕರೆಂಟು ರಾತ್ರಿ ಎರಡಕ್ಕೆ ಯಾಕೆ ಬರಬೇಕು? ಪಾಳಿಯ ಪಟ್ಟಿ ಬರೆಯುವ ಸಾಹೇಬರನ್ನು ಒಂದು ವಾರ ಬ್ಯಾಟರಿ ಕೊಟ್ಟು ಕಬ್ಬಿನ ಹೊಲಕ್ಕೆ ಕಳಿಸಬೇಕು. ಮಳೆಗಾಲವಾದರೆ ಇನ್ನೂ ಒಳ್ಳೆಯದು. ಆ ರಾತ್ರಿ ಫ್ಯೂಸ್ ಹಾಕಲಿಲ್ಲ, ಬುಡ್ಡಿ ಹಚ್ಚಿಕೊಂಡು ಕೂತೆವು.

ಬೆಳಿಗ್ಗೆ ಬಾಗಿಲು ತೆಗೆದರೆ ಪಕ್ಕದ ಮನೆಯ ಅಜ್ಜ ತನ್ನ ಒಲೆ ಹೊತ್ತು ನಿಂತಿದ್ದ. ನಮ್ಮ ಕಾಯಿಲಿನ ಬಣ್ಣದ ಸುದ್ದಿ ಅವನ ಸೊಸೆಗೆ ಮುಟ್ಟಿತ್ತು, ರಾತ್ರಿಯ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ನಮಗೂ ಒಂದ್ ಸುತ್ತಿಕೊಡು. ನಿಮ್ಮದರಂಗ ಕೆಂಪಗ ಉರೀಬೇಕು ನೋಡ" ಎಂದ.

ನಾನು ಒಳಗೆ ನೋಡಿದೆ. ಮನೆಯಾಕೆ ಸೀಳಿದ ತಟ್ಟೆಯನ್ನು ಸೆರಗಿನ ಮರೆಗೆ ಸರಿಸಿದಳು. ಅದನ್ನೇ ಒಪ್ಪಿಗೆ ಎಂದುಕೊಂಡು "ಆತು ಅಜ್ಜಾ, ನೀವು ತುದಿ ಹಿಡೀರಿ" ಎಂದೆ.

"ಅದೊಂದು ಬ್ಯಾಡಪಾ. ಹ್ವಾದ ಸಲ ಹಿಡಿದಾಗಿಂದ ಮೊಣಕಾಲ ನೋಯಾಕತ್ತೈತಿ. ಬೆಂಗಳೂರಿನ ಹುಡುಗನ್ನ ಕರಸು."