ಜಗ್ಗದ ತಿರುಪು

ದಿಲ್ಲಿಯ ಮಾಯಾಪುರಿ ಗುಜರಿಯಲ್ಲಿ ಹಳೇ ಎಚ್‌ಎಂಟಿ ಲೇತ್ ಕಂಡದ್ದೇ ತಡ, ಊರಭಿಮಾನ ಉಕ್ಕಿತು. 1953ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಕಂಪನಿಯ ಕೂಸಲ್ಲವೇ! ನೋಯ್ಡಾದ ಶೆಡ್ಡಿಗೆ ಸಾಗಿಸಿದೆ. ತಂದ ಮೇಲೆ ಶುರುವಾಯಿತು ಸ್ಕ್ರೂ ಪುರಾಣ. ಅಂಗೈಯಲ್ಲಿ ಹಿಡಿಯುವಂಥ ತಲೆ, ನಡುವೆ ಒಂದೇ ಸೀಳು, ಸೀಳಿನ ತುಂಬ ಕರಿ ಗ್ರೀಸು. ಮನೆಯ ಸ್ಕ್ರೂಡ್ರೈವರ್ ಅದರೊಳಗೆ ಮದುವೆಮನೆ ಕೊಪ್ಪರಿಗೆಯಲ್ಲಿ ಟೀ ಚಮಚದಂತೆ ಓಲಾಡಿತು. ತುದಿ ಬಿಗಿಯಾಗಿ ಕೂರದಿದ್ದರೆ ಜಾರಿ ಸೀಳಿನ ಅಂಚನ್ನೇ ತಿನ್ನುತ್ತದೆ. ಹಾಗಾಗಿ ಉಕ್ಕಿನ ಪಟ್ಟಿ ಉಜ್ಜಿ ಅಳತೆಗೆ ತಂದೆ, ಸ್ಪ್ಯಾನರ್ ಕಚ್ಚಿಸಿ ಜೋತುಬಿದ್ದೆ. ಬ್ಲೋಲ್ಯಾಂಪಿನಲ್ಲಿ ಕಾಯಿಸಿದೆ. ಜೂನ್ ಸೆಕೆಗೆ ಕಾದದ್ದು ನಾನು, ಅದು ತಣ್ಣಗಿತ್ತು! ಕೊನೆಗೆ ಮಿಸ್ತ್ರಿ ಬಂದ. ತಲೆಗೆ ಸುತ್ತಿಗೆಯಿಂದ ಬಡಿದು ತುಕ್ಕು ಸಡಿಲಿಸಿ, ಬಿಚ್ಚುವ ಬದಲು ಮೊದಲು ಕೊಂಚ ಬಿಗಿ ಮಾಡಿದ. ಟಿಕ್! ಅಲುಗಿತು. ಚಹಾ ತರಿಸಿದೆ. ಉಳಿದ ಸ್ಕ್ರೂಗಳನ್ನೊಮ್ಮೆ ಎಣಿಸಿದವನೇ, "ಸಾಬ್, ಊಟಾನೂ ಹೇಳಿಬಿಡಿ" ಎಂದ.